ಸೊಪ್ಪಿನಮ್ಮ ಕೇಳಿದ ಕೊಸರು

ಹೋದ ಭಾನುವಾರ ಮಳವಳ್ಳಿಯಲ್ಲಿ ಸಬ್ಬಸಿಗೆ ಸೊಪ್ಪು ಕೊಂಡು ಸ್ಕೂಟರಿನ ಡಿಕ್ಕಿಗೆ ಹಾಕಿ ಮರೆತುಬಿಟ್ಟೆ. ಮಾರನೆಯ ದಿನ ಸ್ಕೂಲಿನಲ್ಲಿ ತೆಗೆದರೆ ಬಾಡಿದ ಸೊಪ್ಪಿನ ಘಾಟು ಮುಖಕ್ಕೇ ಹೊಡೆಯಿತು. ಜೊತೆಗಿದ್ದ ಉತ್ತರ ಪತ್ರಿಕೆಗಳಿಗೂ ಅದೇ ವಾಸನೆ ಹತ್ತಿತ್ತು. ಮಕ್ಕಳು ಪತ್ರಿಕೆಯನ್ನು ಮೂಸಿ ಮೂಸಿ ನೋಡಿ, ನಮ್ಮ ಮೇಷ್ಟ್ರು ವಡೆ ತಿನ್ನುತ್ತಾ ಮಾರ್ಕ್ಸ್ ಹಾಕಿದ್ದಾರೆ ಎಂದು ತೀರ್ಮಾನಿಸಿದರು. ನನಗೆ ಮಾತ್ರ ಆ ವಾಸನೆಗೆ ಸೊಪ್ಪಿನಮ್ಮ ನೆನಪಾದರು...

ಎಂಟು ವರ್ಷದ ಹಿಂದೆ ನಾನು ಮದ್ದೂರು ತಾಲ್ಲೂಕಿನ ಆತಗೂರು ಕಡೆಯ ಒಂದು ಹೈಸ್ಕೂಲಿನಲ್ಲಿದ್ದೆ. ಸ್ಕೂಲಿನ ಗೇಟಿನ ಪಕ್ಕ ಗೋಣಿತಾಟು ಹಾಸಿಕೊಂಡು ಸೊಪ್ಪು ಮಾರುತ್ತಿದ್ದರು ಆಕೆ. ವಾರದಲ್ಲಿ ಎರಡು ದಿನ ಮಾತ್ರ ಗೇಟು ಬಿಕೋ ಎನ್ನುತ್ತಿತ್ತು. ಒಂದು ದಿನ ಮದ್ದೂರಿನ ಸಂತೆ, ಇನ್ನೊಂದು ದಿನ ಹೋಬಳಿಯ ಸಂತೆ. ಆ ಎರಡು ದಿನ ನನ್ನ ಹತ್ತನೇ ತರಗತಿಯ ಮೂರನೇ ಬೆಂಚಿನಲ್ಲೂ ಒಂದು ಜಾಗ ಖಾಲಿ ಇರುತ್ತಿತ್ತು. ಅದು ಆಕೆಯ ಮೊಮ್ಮಗಳ ಜಾಗ.

ಕಾರಣ ಗುಟ್ಟೇನಲ್ಲ. ಹುಡುಗಿಯ ತಾಯಿ ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಿದ್ದಳು. ಮನೆಯಲ್ಲಿ ಎರಡು ವರ್ಷದ ತಮ್ಮ. ಅಜ್ಜಿ ಗೇಟಿನ ಬಳಿ ಕೂತ ದಿನ ಕೂಸು ಅಜ್ಜಿಯ ಮಗ್ಗುಲಲ್ಲಿ, ಅಜ್ಜಿ ಸಂತೆಗೆ ಹೋದ ದಿನ ಅಕ್ಕನ ಸೊಂಟದಲ್ಲಿ. ಹೀಗೆ ವಾರಕ್ಕೆ ಎರಡು ದಿನ ತಪ್ಪಿದರೆ ಹಾಜರಿ ಸಾಲದೆ ಹುಡುಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವಂತಿರಲಿಲ್ಲ. ಒಂದು ಸಂತೆಯ ದಿನ ಅವಳು ಕೂಸನ್ನು ಎತ್ತಿಕೊಂಡೇ ಕ್ಲಾಸಿಗೆ ಬಂದಳು. ಇದು ಅಂಗನವಾಡಿಯಲ್ಲ ಎಂದು ಬಾಗಿಲಿನಿಂದಲೇ ವಾಪಸು ಕಳಿಸಿದವನು ನಾನೇ. ಆಮೇಲೆ ದಿನಾ ಗೇಟಿನ ಬಳಿ ಸೊಪ್ಪಿನಮ್ಮ ನನ್ನನ್ನು ಹಿಡಿದು ನಿಲ್ಲಿಸಿ ಬೇಡುವುದು, ರೂಲ್ಸು ಎಲ್ಲರಿಗೂ ಒಂದೇ ಎಂದು ನಾನು ಕೊಸರಿಕೊಂಡು ಒಳಗೆ ಹೋಗುವುದು ನಡೆದೇ ಇತ್ತು. ಆಗ ನಾನು ರೂಲ್ಸಿನ ಮನುಷ್ಯ. ಹೆಂಡತಿ ಇವತ್ತಿಗೂ ಅದನ್ನು ಆಡಿಕೊಳ್ಳುತ್ತಾಳೆ.

ಇಂಥ ಹೊತ್ತಿನಲ್ಲಿ ನಮ್ಮ ಸ್ಕೂಲಿನಲ್ಲಿ ತಾಲ್ಲೂಕು ಮಟ್ಟದ ವಿಚಾರ ಸಂಕಿರಣ ಗೊತ್ತಾಯಿತು. ವಿಷಯ 'ಶಾಲಾ ಶಿಕ್ಷಣ ಮತ್ತು ಸಮತೆ'. ಬೆಂಗಳೂರಿನಿಂದ ಒಬ್ಬ ಪ್ರೊಫೆಸರು, ಮಂಡ್ಯದಿಂದ ಒಬ್ಬ ಅಧಿಕಾರಿ, ಪೋಷಕರ ಪ್ರತಿನಿಧಿಯಾಗಿ ಒಬ್ಬ ಮಹಿಳೆ, ಹೀಗೆ ಮೂವರು ಅತಿಥಿ ಭಾಷಣಕಾರರು. ನಿರೂಪಣೆ ನನ್ನದು, ಬ್ಯಾನರೂ ನನ್ನದೇ. ಬ್ಯಾನರಿನ ಒಕ್ಕಣೆಯನ್ನು ನಾನು ಯಲಿಯೂರಿನಲ್ಲಿ ರೈಲು ಹಳಿಯ ಪಕ್ಕದ ನಮ್ಮ ಮನೆಯ ಹಿತ್ತಲಿನಿಂದ ಫೋನಿನಲ್ಲಿ ಹೇಳಿದೆ. ಆಗಲೇ ರೈಲು ಬರಬೇಕೆ! ನಮ್ಮ ಕಡೆಯವರ ಬಾಯಲ್ಲಿ ನಡುವಿನ ಅಕ್ಷರಗಳು ಉಳಿಯುವುದು ಕಷ್ಟ. 'ಸಮತೆ' ನನ್ನ ಬಾಯಿಂದ 'ಸಮ್ತೆ' ಎಂದೇ ಹೊರಟಿತು. ಫ್ಲೆಕ್ಸಿನವನು ಮದ್ದೂರಿನವನು, ಎಚ್ಚರದ ಮನುಷ್ಯ. "ಸಂತೆನಾ ಸಾ?" ಎಂದು ಕೇಳಿದ. "ಊಂ ಕಣಪ್ಪಾ, ಸಮ್ತೆ" ಎಂದೆ. ಅನುಮಾನ ಬಂದು ಮತ್ತೆ ಕೇಳಿದ. ನಾನು ರೇಗಿ, ಎಷ್ಟು ಸಲ ಹೇಳಬೇಕಯ್ಯ ಎಂದು ಫೋನಿಟ್ಟೆ.

ಸಂಕಿರಣದ ಹಿಂದಿನ ದಿನ ಸಂಜೆ ಬಂದ ಫ್ಲೆಕ್ಸನ್ನು ನಮ್ಮ ಜವಾನ ಗೇಟಿನ ಮೇಲೆ ಅಚ್ಚುಕಟ್ಟಾಗಿ ಕಟ್ಟಿದ. ಬೆಳಿಗ್ಗೆ ನಾನು ಬಂದು ತಲೆಯೆತ್ತಿ ನೋಡಿದರೆ, ಆಳೆತ್ತರದ ಕೆಂಪು ಅಕ್ಷರಗಳಲ್ಲಿ 'ಶಾಲಾ ಶಿಕ್ಷಣ ಮತ್ತು ಸಂತೆ'. ಹೆಡ್ಮಾಸ್ಟರು ಒಮ್ಮೆ ಫ್ಲೆಕ್ಸನ್ನು, ಒಮ್ಮೆ ನನ್ನನ್ನು ನೋಡಿದರು. ಬಿಚ್ಚಿಸೋಣವೆಂದರೆ ಬೆಂಗಳೂರಿನ ಪ್ರೊಫೆಸರ ಕಾರು ಆಗಲೇ ತಿರುವಿನಲ್ಲಿತ್ತು. ಅವರು ಇಳಿದು, ಕನ್ನಡಕ ಸರಿ ಮಾಡಿಕೊಂಡು ಓದಿ, ಸಂತೆಯನ್ನು ರೂಪಕವಾಗಿ ಬಳಸಿದ್ದು ದಿಟ್ಟತನ ಎಂದು ಹೆಡ್ಮಾಸ್ಟರ ಕೈ ಕುಲುಕಿದರು. ಹೆಡ್ಮಾಸ್ಟರು ಅದು ತಮ್ಮದೇ ಐಡಿಯಾ ಎಂದುಬಿಟ್ಟರು.

ಆದರೆ ಆ ಫ್ಲೆಕ್ಸನ್ನು ಎಲ್ಲರಿಗಿಂತ ಮೊದಲು ಮನಸ್ಸಿಗೆ ಹಚ್ಚಿಕೊಂಡವರು ಸೊಪ್ಪಿನಮ್ಮ. ಕಟ್ಟುತ್ತಿದ್ದ ಜವಾನನಿಂದಲೇ ಹಿಂದಿನ ದಿನ ಓದಿಸಿಕೊಂಡಿದ್ದರಂತೆ. ಸ್ಕೂಲು ಮತ್ತು ಸಂತೆ! ದಿನಾ ಬೇಡಿಕೊಂಡದ್ದಕ್ಕೆ ಕಲ್ಲಿನಂಥ ಮೇಷ್ಟ್ರು ಕೊನೆಗೂ ಕರಗಿ, ತನ್ನ ಮೊಮ್ಮಗಳ ವಿಚಾರ ತೀರ್ಮಾನ ಮಾಡಲು ದೊಡ್ಡ ದೊಡ್ಡವರನ್ನೆಲ್ಲ ಸೇರಿಸಿದ್ದಾರೆ ಎಂದುಕೊಂಡರು. ಬೆಳಿಗ್ಗೆ ವ್ಯಾಪಾರ ಬಿಟ್ಟು, ಪೆಟ್ಟಿಗೆಯ ಸೀರೆ ಉಟ್ಟು ಬಂದು, ಮುಂದಿನ ಸಾಲಿನ ಸೋಫಾದಲ್ಲಿ ಕೂತರು. ಪೋಷಕರ ಪ್ರತಿನಿಧಿ ಬರುವ ಸೂಚನೆಯೇ ಇರಲಿಲ್ಲ. ಬೇರೆ ಸ್ಕೂಲಿನಿಂದ ಸ್ವಾಗತಕ್ಕೆ ಬಂದಿದ್ದ ಮೇಡಂ ಒಬ್ಬರು ಇವರೇ ಆಕೆ ಎಂದು ತಿಳಿದು ಸೆರಗಿಗೆ 'ಅತಿಥಿ' ಬ್ಯಾಡ್ಜು ಚುಚ್ಚಿ, ಕೈ ಹಿಡಿದು ವೇದಿಕೆಗೆ ಹತ್ತಿಸಿದರು. ನಾನು ಮೈಕಿನ ಮುಂದೆ ಬಾಯಿ ತೆರೆದುಕೊಂಡು ನಿಂತಿದ್ದೆ. ತಡೆದರೆ ಫ್ಲೆಕ್ಸಿನ ಕಥೆ ಹೊರಬರುತ್ತದೆ, ಸುಮ್ಮನಿದ್ದರೆ ನನ್ನ ಕಥೆ ಹೊರಬರುತ್ತದೆ.

ಪ್ರೊಫೆಸರು ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಎಲ್ಲರಿಗೂ ಒಂದೇ ಅಳತೆ ಕೊಡುವ ಸಮಾನತೆ ಬೇರೆ, ಅವರವರ ಅಗತ್ಯ ನೋಡಿ ಕೊಡುವ ಸಮತೆ ಬೇರೆ ಎನ್ನುವುದು ಅವರ ವಿಷಯ. ತೆರೆಯ ಮೇಲೆ ಚಿತ್ರ ತೋರಿಸಿ ವ್ಯತ್ಯಾಸ ಹೇಳುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಕತ್ತಲಾದ ತೆರೆಗೆ ಕೋಲು ತೋರಿಸುತ್ತಲೇ ವಿವರಿಸಿದರು. ಅಧಿಕಾರಿಗಳು ಕಣ್ಣು ಮುಚ್ಚಿ ಆಲಿಸಿದರು. ಮೂರನೆಯ ಸಾಲಿನ ಒಬ್ಬ ಮೇಷ್ಟ್ರು ಗೊರಕೆ ಹೊಡೆದೇ ಆಲಿಸಿದರು.

ಆಮೇಲೆ ಪೋಷಕರ ಪ್ರತಿನಿಧಿ ಎಂದು ಕರೆದೆ. ಸೊಪ್ಪಿನಮ್ಮ ಎದ್ದು ಬಂದು, ಕರೆಂಟಿಲ್ಲದ ಮೈಕನ್ನು ಪಕ್ಕಕ್ಕೆ ತಳ್ಳಿದರು. ಸಂತೆಯ ಗಂಟಲು, ಮೈಕು ಬೇಕಿರಲಿಲ್ಲ.

"ನಂಗೆ ಬಾಸಣ ಬರಾಕಿಲ್ಲ. ದಿನಾ ಈ ಮೇಷ್ಟ್ರ ತಾವ ಕೇಳ್ಕತಿದ್ದೆ, ಇವತ್ತು ನಿಮ್ಮ ತಾವ ಕೇಳ್ತಾವ್ನಿ" ಎಂದು ಶುರು ಮಾಡಿ, ಎರಡು ಸಂತೆ, ಗಾರ್ಮೆಂಟ್ಸ್ ವ್ಯಾನು, ಕೂಸು, ನಾನು ಬಾಗಿಲಿನಿಂದ ವಾಪಸು ಕಳಿಸಿದ್ದು, ಎಲ್ಲವನ್ನೂ ಒಪ್ಪಿಸಿದರು. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮೂರನೆಯ ಸಾಲಿನವರೂ ಎದ್ದು ಕೂತರು.

"ರೂಲ್ಸು ಎಲ್ರಿಗೂ ಒಂದೇ ಅಂತರೆ ಮೇಷ್ಟ್ರು. ಸರಿ ಕಣಪ್ಪ. ನನ್ ಸೊಪ್ಪಿನ ಕಟ್ಟೂ ಎಲ್ರಿಗೂ ಒಂದೇಯ. ಆದ್ರೆ ಮನೆ ತುಂಬ ಮಕ್ಳಿರೋಳು ಬಂದ್ರೆ ಮೇಲೊಂದಿಡಿ ಕೊಸರು ಆಕ್ತೀನಿ. ಕಾರಲ್ಲಿ ಬಂದೋರ್ಗೆ ಆಕಾಕಿಲ್ಲ."

ಅಧಿಕಾರಿಗಳು ಕಣ್ಣು ಬಿಟ್ಟು, ಕಾರಿನವರು ಜಗಳ ತೆಗೆಯುವುದಿಲ್ಲವೇ ಎಂದು ಕೇಳಿದರು.

"ಅವ್ರೇ ಜಾಸ್ತಿ ತಗಿಯಾದು" ಎಂದರು ಸೊಪ್ಪಿನಮ್ಮ. "ತಗೀಲಿ ಬುಡಿ. ನನ್ ಮೊಮ್ಮಗ್ಳಿಗೂ ಒಂಚೂರು ಕೊಸರು ಆಕಿ. ಸಂತೆ ದಿನ ಕೂಸ್ನ ಎತ್ಕಂಡು ಬತ್ತಳೆ, ಒಳೀಕ್ ಬುಡಿ. ಅಷ್ಟೇಯ ನಾನ್ ಕೇಳಾದು."

ಅಧಿಕಾರಿಗಳು ಹೆಡ್ಮಾಸ್ಟರನ್ನು ನೋಡಿದರು, ಹೆಡ್ಮಾಸ್ಟರು ನನ್ನನ್ನು ನೋಡಿದರು. ನಾನು ನೋಡಲು ಯಾರೂ ಉಳಿದಿರಲಿಲ್ಲ. ನಾಳೆಯಿಂದ ಬರಲಿ ಎಂದೆ. ಪ್ರೊಫೆಸರು ಮಾತ್ರ ಪುಸ್ತಕ ತೆಗೆದು ಏನನ್ನೋ ಬರೆದುಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದ ನಾನು ಇಣುಕಿದೆ. 'ಕೊಸರು' ಎಂದು ಬರೆದು ಎರಡು ಸಲ ಅಡಿಗೆರೆ ಹಾಕಿದ್ದರು.

ಕೊನೆಗೆ ಎಲ್ಲ ಅತಿಥಿಗಳಂತೆ ಆಕೆಗೂ ಶಾಲು, ಹಣ್ಣಿನ ಬುಟ್ಟಿ ಕೊಟ್ಟೆವು. ಆಕೆ ವೇದಿಕೆಯ ಮೇಲೆಯೇ ಒಂದೊಂದು ಹಣ್ಣನ್ನೂ ಒತ್ತಿ ನೋಡಿ, ಅಡಿಯಲ್ಲಿದ್ದ ಎರಡು ಸೇಬು ಕೊಳೆತಿವೆ, ಯಾವ ಅಂಗಡಿಯಲ್ಲಿ ತಂದಿರಿ, ನಡೀರಿ ನಾನು ಬರ್ತೀನಿ ಎಂದು ಹೆಡ್ಮಾಸ್ಟರನ್ನು ಹೊರಡಿಸಿದರು. ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ಆಕೆಯೊಬ್ಬರು ಸೇಬು ನೋಡುತ್ತಿದ್ದಾರೆ.

ಮುಂದಿನ ಸಂತೆಯಿಂದ ಕೂಸು ನನ್ನ ಕ್ಲಾಸಿಗೆ ಸೇರಿತು. ಇನ್ನೂ ಅರ್ಧ ವರ್ಷ ಬಾಕಿಯಿತ್ತು. ಅಷ್ಟರಲ್ಲಿ ಅವನು ಎಷ್ಟು ಸೀಮೆಸುಣ್ಣ ತಿಂದನೋ ಲೆಕ್ಕವಿಲ್ಲ. ಹಾಜರಿ ಕೂಗುವಾಗ ಅಕ್ಕನ ಹೆಸರಿಗೆ "ಎಸ್ಸಾ" ಎನ್ನುವುದನ್ನು ಕಲಿತವನು, ಆಮೇಲೆ ಎಲ್ಲರ ಹೆಸರಿಗೂ "ಎಸ್ಸಾ" ಎನ್ನತೊಡಗಿದ. ಹಾಗಾಗಿ ಸಂತೆಯ ದಿನ ನನ್ನ ಕ್ಲಾಸಿಗೆ ಚಕ್ಕರ್ ಹೊಡೆದವರೇ ಇಲ್ಲ. ಹುಡುಗಿ ಪರೀಕ್ಷೆಗೆ ಕೂತಳು, ಪಾಸಾದಳು. ಅವತ್ತು ಸೊಪ್ಪಿನಮ್ಮ ನನ್ನ ಬ್ಯಾಗಿಗೆ ಸಬ್ಬಸಿಗೆ ಸೊಪ್ಪನ್ನು ಜಿಪ್ಪು ಹಾಕಲಾಗದಷ್ಟು ತುರುಕಿದರು. ಬೇಡವೆಂದರೆ ಬೈದರು...

ಎರಡು ವರ್ಷ ಕಳೆದು ನನಗೆ ಮಳವಳ್ಳಿಗೆ ವರ್ಗವಾಯಿತು. ಕೊಸರಿನ ಕಥೆಯನ್ನು ನಾನು ಅಲ್ಲಿ ಇಲ್ಲಿ ಹೇಳುತ್ತಾ ಹೋದೆ. ಜನ ತಲೆದೂಗಿದರು. ಹೇಳುತ್ತಾ ಹೇಳುತ್ತಾ ನಾನೇ ಅತಿಥಿ ಭಾಷಣಕಾರನಾಗಿಬಿಟ್ಟೆ. ಫ್ಲೆಕ್ಸಿನ ತಪ್ಪನ್ನು ಕಥೆಯಿಂದ ಮೆಲ್ಲಗೆ ಕೈಬಿಟ್ಟೆ. ಬಾಗಿಲಿನಿಂದ ವಾಪಸು ಕಳಿಸಿದ ಮೇಷ್ಟ್ರು 'ಒಬ್ಬ ಮೇಷ್ಟ್ರು' ಆದರು. ಐದಾರು ಶಾಲು ನನ್ನ ಬೀರುವಿನಲ್ಲಿವೆ.

ಹೋದ ತಿಂಗಳು ಮಂಡ್ಯದಲ್ಲಿ ಇಂಥದ್ದೇ ಒಂದು ಸಂಕಿರಣ. ಕಥೆ ಹೇಳಿ ಮುಗಿಸಿ, ಆ ತಾಯಿ ಇವತ್ತಿಗೂ ಅದೇ ಗೇಟಿನ ಬಳಿ ಕೂತಿರುತ್ತಾರೆ, ಆ ಕಡೆ ಹೋದರೆ ಒಂದು ಕಟ್ಟು ಸೊಪ್ಪು ಕೊಳ್ಳಿ ಎಂದೆ. ಚಪ್ಪಾಳೆ ಬಿತ್ತು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದು ನಿರೂಪಕರು ಹೇಳಿದಾಗ ಬಿ.ಎಡ್. ವಿದ್ಯಾರ್ಥಿಗಳ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ಗುರುತು ಹತ್ತಲು ನನಗೆ ಕೊಂಚ ಹೊತ್ತು ಬೇಕಾಯಿತು.

"ಸಾರ್, ಅಜ್ಜಿ ಇಲ್ಲ ಸಾರ್. ಹೋಗಿ ಮೂರು ತಿಂಗಳಾಯ್ತು."

ಸಮಯವಾಯಿತು ಎಂದು ನಿರೂಪಕರು ಚೀಟಿ ಕೊಟ್ಟರು, ಕೂತೆ. ಟೀ ಹೊತ್ತಿನಲ್ಲಿ ಅವಳೇ ಹುಡುಕಿಕೊಂಡು ಬಂದಳು. ಬೇಜಾರು ಮಾಡಿಕೊಳ್ಳಬೇಡಿ, ಅಲ್ಲಿ ಹೇಳಬಾರದಿತ್ತು ಎಂದು ನನಗೇ ಸಮಾಧಾನ ಹೇಳಿದಳು. ನನಗೆ ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ದುಃಖವೂ ಆಯಿತು, ಆದರೆ ಮೊದಲು ಆದದ್ದು ನಾಚಿಕೆಯೇ.

"ಅಜ್ಜಿ ಕೇಳ್ತಾನೇ ಇತ್ತು ಸಾರ್, ಮೇಷ್ಟ್ರು ಈ ಕಡೆ ಯಾಕ್ ಬರಾಕಿಲ್ಲ ಅಂತ" ಎಂದಳು.

ಮಳವಳ್ಳಿಯಿಂದ ಮದ್ದೂರಿಗೆ ಬೆಳಗಿನಿಂದ ಸಂಜೆಯವರೆಗೆ ಬಸ್ಸುಗಳಿವೆ. ಮುಕ್ಕಾಲು ಗಂಟೆಯ ದಾರಿ. ಆರು ವರ್ಷ ಊರೂರಲ್ಲಿ ಆಕೆಯ ಮಾತು ಹೇಳಿಕೊಂಡು ತಿರುಗಿದವನು, ಒಂದು ದಿನವೂ ಆಕೆಯನ್ನು ನೋಡಲು ಆ ಬಸ್ಸು ಹತ್ತಲಿಲ್ಲ.