ಸೋಮವಾರದ ರಾಹುಕಾಲಕ್ಕೆ ಅಮೆರಿಕದ ಅಂಕಿಗಳು

ಮರಾಠಿ ಸೀಮೆಯ ನಮ್ಮೂರಿನ ಅಂಚಿನ ಹಿಂಗಣಾದ ಒಂದು ಕಾರ್ಖಾನೆಯಲ್ಲಿ ಟ್ರೇನಿಯಾಗಿ ಸೇರಿದ ವರ್ಷದ ನನ್ನ ಡೈರಿ ತೆಗೆದರೆ ಮೊದಲ ತಿಂಗಳುಗಳ ಸೋಮವಾರಗಳಿಗೆಲ್ಲ ಕೆಂಪು ಗೆರೆ. ಕೆಂಪು ಗೆರೆ ಎಂದರೆ ತಡವಾಗಿ ಹೋದ ದಿನ. ಉಳಿದ ದಿನ ಸ್ಕೂಟರಿನಲ್ಲಿ ಹೋಗಿ ಎಂಟೂವರೆಯೊಳಗೆ ಕಾರ್ಡ್ ಪಂಚ್ ಮಾಡುತ್ತಿದ್ದವಳು, ಸೋಮವಾರ ಮಾತ್ರ ಸಿಟಿ ಬಸ್ಸಿನಲ್ಲಿ ಜೋತು ಬಿದ್ದು ಹೋಗುತ್ತಿದ್ದೆ. ಕಾರಣ, ಅಜ್ಜಿ. ಸೋಮವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತು ರಾಹುಕಾಲ. ಅಷ್ಟು ಹೊತ್ತೂ ಸ್ಕೂಟರಿನ ಕೀಲಿ ಅವಳ ಸೊಂಟದಲ್ಲಿ. ಅದಕ್ಕೂ ಮೊದಲೇ ಹೊರಡೋಣವೆಂದರೆ ನಳದ ನೀರು ನಿಲ್ಲುತ್ತಿದ್ದುದೇ ಏಳೂವರೆಗೆ. ತುಂಬುವ ಪಾಳಿ ನನ್ನದು.

"ಮತ್ತ ಬಸ್ಸಿಗೆ ರಾಹುಕಾಲ ಇಲ್ಲೇನಜ್ಜಿ?" ಎಂದು ಕೇಳಿದ್ದೆ.

"ಬಸ್ಸು ಡಿಪೋದಿಂದ ನಸುಕಿನ್ಯಾಗ ಹೊಂಟಿರ್ತೈತಿ. ನೀ ನಡುವ ಹತ್ತಾಕಿ. ಹೊಂಟಿದ್ದು ಬಸ್ಸು, ನೀ ಅಲ್ಲ."

ಬಸ್ಸಿನಲ್ಲೇ ಹೋಗುತ್ತಿದ್ದೆ. ಆದರೆ ಸೂಪರ್‌ವೈಸರ್ ಒಂದು ದಿನ ನನ್ನ ಕಾರ್ಡ್ ತಿರುವಿ ನೋಡಿ, ಹೀಗೇ ನಡೆದರೆ ನಿನ್ನನ್ನು ಕಾಯಂ ಮಾಡುವುದು ಕಷ್ಟ ಎಂದರು. ಅಂದು ಸಂಜೆ ಮನೆಯಲ್ಲಿ ರಂಪ ಮಾಡಿದೆ. ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಮಾಲು ತಪಾಸಣೆ ಮಾಡುವ ಅಪ್ಪ ಪೇಪರಿನಿಂದ ತಲೆ ಎತ್ತದೆ, "ರಾಹುಕಾಲದಾಗ ಹೆಚ್ಚು ಮಂದಿ ಬೀಳಂಗಿಲ್ಲ ಅಂತ ಪುರಾವೆ ತಾ. ಅಜ್ಜಿ ಕೀಲಿ ಕೊಡ್ತಾಳ" ಎಂದ. ಅಜ್ಜಿಯೂ ಹೂಂ ಎಂದಳು.

ಭಾನುವಾರ ಸೈಬರ್ ಕೆಫೆಗೆ ಹೋದೆ. ನಮ್ಮೂರಿನ ಲೆಕ್ಕ ಇಂಟರ್‌ನೆಟ್‌ನಲ್ಲಿ ಸಿಗಲಿಲ್ಲ. ಅಮೆರಿಕ ಸರ್ಕಾರದ್ದು ಸಿಕ್ಕಿತು: ರಸ್ತೆಯಲ್ಲಿ ಸತ್ತವರ ಮಾಹಿತಿಯನ್ನೆಲ್ಲ ಅಲ್ಲಿ ಇಟ್ಟಿದ್ದರು, ನಮಗೆ ಬೇಕಾದಂತೆ ಪ್ರಶ್ನೆ ಹಾಕಬಹುದಿತ್ತು. ವಾರ ಯಾವುದು, ಗಂಟೆ ಯಾವುದು ಎಂದು ಚೌಕಗಳಲ್ಲಿ ಗುರುತು ಮಾಡಿ ಬಟನ್ ಒತ್ತಿದರೆ, ಬಹಳ ಹೊತ್ತು ಕಾಯಿಸಿ, ಪರದೆಯ ಮೇಲೆ ಕೋಷ್ಟಕ ಬಂದು ನಿಲ್ಲುತ್ತಿತ್ತು. ಎಂಥ ಸುಖ! ಸೋಮವಾರ ಬೆಳಗಿನ ಸಾಲು ಸಾಧುವಾಗಿತ್ತು, ಸತ್ತವರು ಕಡಿಮೆ. ಪ್ರಿಂಟ್ ಹಿಡಿದು ಮನೆಗೆ ಓಡಿದೆ.

ಅಪ್ಪ ಓದಿ ಹೇಳಿದ. ಅಜ್ಜಿ ಕೇಳಿಸಿಕೊಂಡು, "ಇವರೆಲ್ಲ ಏನ್ ಹೊಡೀತಿದ್ರು?" ಎಂದಳು.

ಕಾರು, ಟ್ರಕ್ಕು ಎಲ್ಲವೂ ಸೇರಿತ್ತು. ವಾಹನ ಯಾವುದೆಂದು ಗುರುತು ಮಾಡುವುದನ್ನೇ ನಾನು ಮರೆತಿದ್ದೆ.

"ನಿನ್ನ ಗಾಡಿಗೆ ಗಾಲಿ ಎರಡ ಅದಾವು, ಬಂಗಾರಿ. ಕಾರಿನವರ ಲೆಕ್ಕ ನಮಗ್ಯಾಕ? ಬರೋಬರ್ ತಗೊಂಡು ಬಾ."

ಮರುವಾರ ಬರೀ ಮೋಟರ್‌ಸೈಕಲ್ ಆರಿಸಿ, ಈ ಸಲ ಏನೂ ಬಿಡಬಾರದೆಂದು ಕಂಡ ಚೌಕಗಳಿಗೆಲ್ಲ ಗುರುತು ಹಾಕಿದೆ. ಸೋಮವಾರದ ಬೆಳಿಗ್ಗೆ ಮತ್ತೆ ನನ್ನ ಪರ. ಆದರೆ ಭಾನುವಾರದ ಸಂಜೆ ಉಬ್ಬಿಕೊಂಡಿತ್ತು. ಭಾನುವಾರದ ರಾಹುಕಾಲ ಸಂಜೆ ನಾಲ್ಕೂವರೆಯಿಂದ ಆರು.

"ಆಹಾ! ಅಮೆರಿಕಾದಾಗೂ ಐತಿ ರಾಹು," ಎಂದಳು ಅಜ್ಜಿ, ಬೀಗರ ಸುದ್ದಿ ಕೇಳಿದವಳ ಹಾಗೆ.

"ಅಜ್ಜಿ, ಅವತ್ತು ಅಲ್ಲಿ ರಜಾ, ಎಲ್ಲಾರೂ ತಿರುಗಾಕ ಹೋಗಿರ್ತಾರ!"

"ರಾಹುಗೂ ರಜಾ ಇರ್ತೈತೇನು?"

ಅಪ್ಪ ಪೇಪರ್ ಅಡ್ಡ ಹಿಡಿದು ನಗುತ್ತಿದ್ದ. ಅಜ್ಜಿ ಹಾಳೆಯ ಕೊನೆಯ ಭಾಗದ ಮೇಲೆ ಬೆರಳಿಟ್ಟಳು. "ಇದೇನು, ಎರಡ ಸಾಲು?"

"ಹೆಲ್ಮೆಟ್ ಹಾಕಿದವರು, ಹಾಕದವರು," ಎಂದು ಅಪ್ಪ ಓದಿದ. ಓದುತ್ತ ಅವನ ನಗು ನಿಂತಿತು. ಹಾಕದವರ ಸಾಲು ಚಿಕ್ಕದಾಗಿರಲಿಲ್ಲ. ಒಂದೊಂದು ಅಂಕಿಯೂ ಮನೆಗೆ ಮರಳದೆ ಹೋದ ಒಬ್ಬರು. ಅಷ್ಟು ಹೊತ್ತು ಗೆಲ್ಲುವ ಭರದಲ್ಲಿ ನನಗೆ ಅದು ಹೊಳೆದಿರಲಿಲ್ಲ.

"ನಿಂದೆಲ್ಲಿ ಐತಿ?" ಎಂದಳು ಅಜ್ಜಿ.

ನನ್ನದು ಕಪಾಟಿನ ಮೇಲೆ, ಬೋರಲಾಗಿ. ಅದರೊಳಗೆ ಅಮ್ಮ ಬೆಳ್ಳುಳ್ಳಿ ಇಟ್ಟಿದ್ದಳು.

ಅಜ್ಜಿ ತೀರ್ಪು ಕೊಟ್ಟಳು. ಧಾರವಾಡದ ಕಡೆ ಅವಳ ತವರಿನಲ್ಲಿ ಒಂದು ರೂಢಿ ಇತ್ತು. ಹೊರಡಬೇಕಾದ ಹೊತ್ತು ಸರಿಯಿಲ್ಲದಿದ್ದರೆ ತಮ್ಮದೊಂದು ವಸ್ತುವನ್ನು ಒಳ್ಳೆಯ ಗಳಿಗೆಯಲ್ಲೇ ನೆರೆಮನೆಯಲ್ಲಿ ಇಟ್ಟು ಬರುವುದು. ಅದು ಹೊಸಿಲು ದಾಟಿತೆಂದರೆ ಪ್ರಯಾಣ ಆಗಲೇ ಶುರುವಾದಂತೆ. ಆಮೇಲೆ ಯಾವಾಗ ಬೇಕಾದರೂ ಹೋಗಿ ಅದನ್ನು ತೆಗೆದುಕೊಂಡು ಮುಂದೆ ನಡೆಯಬಹುದು. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಿದ್ದಳು.

"ಸೋಮವಾರ ನಸುಕಿನ್ಯಾಗ ನಿನ್ನ ಹೆಲ್ಮೆಟ್ಟು ಬಾಜೂಮನಿಗೆ ಹೋಗ್ತೈತಿ. ನೀರು ತುಂಬಿ ಆರಾಮ ಹೋಗು. ಆದ್ರ ಅದನ್ನ ತಗೊಂಡ, ತಲಿಮ್ಯಾಲೆ ಇಟಗೊಂಡ ಹೋಗಬೇಕು. ಇಲ್ಲಾಂದ್ರ ಪ್ರಸ್ಥಾನ ಮುರೀತೈತಿ."

"ಅಂದ್ರ ಬಸ್ಸಿನಂಗ ಹೆಲ್ಮೆಟ್ ಮೊದಲ ಹೊಂಟಿರ್ತೈತಿ," ಎಂದ ಅಪ್ಪ.

"ಈಗ ತಿಳೀತು ನೋಡು ನಿಮ್ಮಪ್ಪಗ."

ಮುಂದಿನ ಸೋಮವಾರ ಕೊನೆಯ ಕೊಡ ಇಳಿಸಿ ಪಕ್ಕದ ಮನೆಗೆ ಹೋದರೆ, ನಾವು ಕಾಕು ಎಂದು ಕರೆಯುವ ಅಲ್ಲಿನ ಮರಾಠಿ ಹೆಂಗಸು ಹೆಲ್ಮೆಟ್ಟನ್ನು ತುಳಸಿಕಟ್ಟೆಯ ಮೇಲಿಟ್ಟು ಕಾಯುತ್ತಿದ್ದಳು. "ಚಲ್, ಜಲ್ದಿ ಘಾಲ್!" ಬೇಗ ಹಾಕಿಕೋ ಎಂದು ತಾನೇ ತಲೆಗೆ ಒತ್ತಿದಳು. ಬೆಳ್ಳುಳ್ಳಿಯ ವಾಸನೆ ಗಪ್ಪೆಂದು ಬಡಿಯಿತು. ನಮ್ಮ ಮನೆಯ ಕಟ್ಟೆಯಿಂದ ಅಜ್ಜಿ ನೋಡುತ್ತಿದ್ದಳು. ಗದ್ದದ ಪಟ್ಟಿ ಬಿಗಿದ ಮೇಲೆಯೇ ಕೀಲಿ ಸೊಂಟದಿಂದ ಹೊರಗೆ ಬಂತು.

ಆಮೇಲಿನ ಸೋಮವಾರಗಳಿಗೆ ಡೈರಿಯಲ್ಲಿ ಕೆಂಪು ಗೆರೆಯಿಲ್ಲ. ಮಳೆಗಾಲಕ್ಕೆ ಮೊದಲು ಕಾಯಂ ಪತ್ರ ಬಂತು, ಕಾಕುವಿಗೆ ಪೇಡೆ ಕೊಡಲು ಹೋದೆ. ಅವಳ ಮಗ ಉಮರೇಡ್‌ನ ಕಲ್ಲಿದ್ದಲು ಗಣಿಗೆ ದಿನವೂ ಬರಿತಲೆಯಲ್ಲಿ ಬೈಕ್ ಓಡಿಸಿಕೊಂಡು ಹೋಗುವವನು. ಕಾಕುವಿಗೆ ಪ್ರಸ್ಥಾನವೂ ಗೊತ್ತಿರಲಿಲ್ಲ, ಅಮೆರಿಕದ ಹಾಳೆಯೂ ಗೊತ್ತಿರಲಿಲ್ಲ. ಹೆಲ್ಮೆಟ್ ಹಾಕಿಸಲು ಕನ್ನಡದವರು ಕಂಡುಕೊಂಡ ಉಪಾಯ ಇದು ಎಂದೇ ತಿಳಿದಿದ್ದಳು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ನಮ್ಮ ಕಟ್ಟೆಯ ಮೇಲೆ ಅವಳ ಮಗನ ಹೆಲ್ಮೆಟ್ ಕೂತಿತ್ತು. ಅಂದು ಮಂಗಳವಾರ, ರಾಹುಕಾಲವಿದ್ದುದು ಮಧ್ಯಾಹ್ನ ಮೂರಕ್ಕೆ.