ಇಳಿಯುವವರನ್ನೂ ಹತ್ತಿಸುವ ಹುಮ್ಮಸ್ಸು

ಹೋದ ಭಾನುವಾರ ನಮ್ಮ ಸೋದರಮಾವ ವಾಡಿ ಸ್ಟೇಷನ್ನಿನಲ್ಲಿ ಒಬ್ಬ ಅಜ್ಜಿಯನ್ನು ರೈಲಿಗೆ ಹತ್ತಿಸಿದರು. ಒಳ್ಳೆಯ ಕೆಲಸ ಅಲ್ಲವೇ? ಒಂದೇ ತೊಂದರೆ. ಅಜ್ಜಿ ಹತ್ತುತ್ತಿರಲಿಲ್ಲ, ಇಳಿಯುತ್ತಿದ್ದರು!

ಶರಣಪ್ಪ ಮಾವ ಅಂದರೆ ಬರೀ ಹುಮ್ಮಸ್ಸು. ಯಾರಾದರೂ ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದರೆ ಸಾಕು, ಹಿಂದಿನಿಂದ ನೂಕುತ್ತಾರೆ. (ಸೆಲ್ಫ್ ಸ್ಟಾರ್ಟ್ ಇದ್ದರೂ ಬಿಡುವುದಿಲ್ಲ.) ಊಟಕ್ಕೆ ಕೂತವರು ಸಾಕು ಅಂತ ಕೈ ಅಡ್ಡ ಇಟ್ಟರೆ, ಕೈ ಮೇಲೇ ಹುಗ್ಗಿ ಬಡಿಸುತ್ತಾರೆ.

ಅವತ್ತು ವಾಡಿಯಲ್ಲಿರುವ ನನ್ನ ತಂಗಿಯ ಮಗಳನ್ನು ನೋಡಲು ಶಹಾಬಾದಿನಿಂದ ಗಂಡಿನವರು ಬರುವವರಿದ್ದರು. ಹುಡುಗ ಹುಡುಗಿ ಫೋನಿನಲ್ಲೇ ಒಪ್ಪಿಯಾಗಿತ್ತು. ಬಾಕಿ ಇದ್ದದ್ದು ಹುಡುಗನ ಅಜ್ಜಿ, ಅಂದರೆ ಆಯಿಯ ಒಪ್ಪಿಗೆ. ಆ ಮನೆಯಲ್ಲಿ ಆಯಿ ಹೂಂ ಅನ್ನದೆ ಚಾದ ಪುಡಿ ಸಹ ಬದಲಾಗುವುದಿಲ್ಲವಂತೆ.

ಕರೆತರಲು ನಾನೂ ಮಾವನೂ ಸ್ಟೇಷನ್ನಿಗೆ ಹೋದೆವು. ರೈಲು ನಿಂತಿತು. ನಾನು ಹುಡುಗನ ಅಪ್ಪನಿಗೆ ನಮಸ್ಕಾರ ಮಾಡುತ್ತಿದ್ದೆ. ಗದ್ದಲ ತಪ್ಪಿಸಲು ಆಯಿ ಹಿಂದಿನ ಬಾಗಿಲಿಗೆ ಹೋಗಿ, ಕಂಬಿ ಹಿಡಿದು, ಮುಖ ಒಳಗೆ ಮಾಡಿ ಹಿಮ್ಮುಖವಾಗಿ ಇಳಿಯುತ್ತಿದ್ದರು. ಮಾವ ನೋಡಿಬಿಟ್ಟರು.

"ಗಾಡಿ ಬಿಡ್ಲಿಕತ್ತದ, ಲಗೂನ ಹತ್ರೀ ಆಯೀ!"

"ಏ ತಮ್ಮಾ, ಬಿಡೋ, ನಾ..."

"ಅಂಜಬ್ಯಾಡ್ರಿ, ನಾ ಅದೀನಿ!"

ಎತ್ತಿದರು. ಒಳಗೆ ಬಿಟ್ಟರು. ಚೀಲವನ್ನೂ ಒಳಗೆ ಒಗೆದರು. ರೈಲು ಹೊರಟಿತು. ಮಾವ ಖುಷಿಯಿಂದ ಟಾಟಾ ಮಾಡಿದರು.

"ನಮ್ಮವ್ವ ಎಲ್ಲಿ?" ಅಂದರು ಹುಡುಗನ ಅಪ್ಪ.

ಮಾವನ ಕೈ ಗಾಳಿಯಲ್ಲೇ ನಿಂತಿತು.

ಮುಂದಿನ ಸ್ಟಾಪ್ ಚಿತ್ತಾಪುರ. ಕಾರಿನಲ್ಲಿ ದೌಡಾಯಿಸಿದೆವು. ಫೋನ್ ಮಾಡೋಣವೆಂದರೆ ಆಯಿಯ ಮೊಬೈಲು ಮಗನ ಜೇಬಿನಲ್ಲಿ! ಹುಡುಗನ ಅಪ್ಪ ನಮ್ಮ ಕಡೆ ತಿರುಗದೆ ಕಿಟಕಿಯಾಚೆ ತೊಗರಿ ಹೊಲ ನೋಡುತ್ತ ಕೂತರು. ಸಂಬಂಧ ಮುರಿಯಿತು ಅಂದುಕೊಂಡೆ. ಮಾವ ಅಳುವುದೊಂದು ಬಾಕಿ. "ನಾ ಛಲೋದೇ ಮಾಡ್ಲಿಕ್ಕೆ ಹೋಗಿದ್ನಲ್ಲೋ," ಅಂತ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಹುಮ್ಮಸ್ಸು ಅಂದರೇನು? ದಾರಿಯುದ್ದಕ್ಕೂ ಅದೇ ಯೋಚನೆ. ಮೈಯೆಲ್ಲ ಕೈಯಾಗುವುದೇ? ಆಗಲಿ. ಆದರೆ ಆ ಹೊತ್ತಿಗೆ ಕಿವಿ ಎಲ್ಲಿಗೆ ಹೋಗಿರುತ್ತದೆ?

ಚಿತ್ತಾಪುರದಲ್ಲಿ ಆಯಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲಿದ್ದರು. ರೈಲಿನ ಡಬ್ಬಿಯಲ್ಲಿ ಪರಿಚಯವಾದ ಹೆಂಗಸರ ನಡುವೆ, ಮಿರ್ಚಿ ಭಜಿ ತಿನ್ನುತ್ತ, ನಗುತ್ತ! ಮಾವ ಹೋಗಿ ಕಾಲಿಗೆ ಬಿದ್ದರು.

"ತಪ್ಪಾತ್ರೀ ಆಯಿ."

ಆಯಿ ಅವರನ್ನು ಮೇಲಿಂದ ಕೆಳಗಿನತನಕ ನೋಡಿದರು.

"ಮನ್ಯಾಗ ಎಲ್ಲಾರೂ ಕುಂದ್ರು ಅಂತಾರ, ಮಲ್ಕೋ ಅಂತಾರ. ಹತ್ತು ಅಂದಾಂವ ನೀ ಒಬ್ಬನೇ ನೋಡು!"

ಅಂದವರೇ ಮಾವನ ಕೈಗೊಂದು ಭಜಿ ಇಟ್ಟು, ಮಗನ ಕಡೆ ತಿರುಗಿದರು. "ಈ ಮಂದಿ ಭಾಳ ಜೋಶಿನವರು ಅದಾರ. ಇನ್ನ ನೋಡೂದೇನದ? ಗಟ್ಟಿ ಮಾಡು."

ಗಟ್ಟಿಯಾಯಿತು. ಮದುವೆ ವಾಡಿಯಲ್ಲೇ. ಸ್ಟೇಷನ್ನಿನಿಂದ ಬೀಗರನ್ನು ಕರೆತರುವ ಡ್ಯೂಟಿ ತನಗೇ ಬೇಕು ಅಂತ ಮಾವ ಹಟ ಹಿಡಿದಿದ್ದಾರೆ.

ನೀವೂ ಬರ್ರಿ. ಬಸ್ಸಿಗೆ ಬಂದರೆ ಛಲೋ!