ಕಾಡಿನಲ್ಲಿ ನಾನು ನಗಿಸಿದ್ದು

ಡೊಂಬಿವಲಿಯ ನಮ್ಮ ಕನ್ನಡ ಸಂಘದವರು ನ್ಯಾಷನಲ್ ಪಾರ್ಕಿಗೆ ಹೊರಟಾಗ ನನ್ನನ್ನು ಕೇಳದೆಯೇ ಇಬ್ಬರ ಹೆಸರು ಕೊಟ್ಟು ಬಂದವರು ನನ್ನ ಯಜಮಾನರು. ಅವರು ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರು. ಒಂದು ಜಿಂಕೆಯನ್ನಾದರೂ ಬೋನಿನ ಹೊರಗೆ ನೋಡಬೇಕೆಂಬುದು ಅವರ ಆಸೆ. ಕಾಡಿಗೆ ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಆಗದು ಎಂದು ಯಾರೋ ಹೇಳಿದ್ದಕ್ಕೆ ಸ್ಟೇಷನ್ ಹೊರಗಿನ ಫುಟ್‌ಪಾತಿನಿಂದ ಮಿಲಿಟರಿಯವರದ್ದರಂಥ ಅಂಗಿ, ಅದೇ ಬಣ್ಣದ ಟೋಪಿ ತಂದರು. ಅಂಗಿಯ ತೋಳು ಬೆರಳಿನ ತನಕ ಬರುತ್ತಿತ್ತು.

ಥಾಣೆ ಕಡೆಯ ಯೇವೂರ್ ಗೇಟಿನಲ್ಲಿ ಬಸ್ಸಿಳಿದೆವು. ಜೊತೆಗಿದ್ದವರಲ್ಲಿ ಹೆಚ್ಚಿನವರು ಬೆಂಗಳೂರಿನ ಕಡೆಯವರು, ಕಂಪನಿ ಕೆಲಸದವರು, ಕೊರಳಲ್ಲಿ ದೊಡ್ಡ ಕ್ಯಾಮೆರಾ. ಅವರು ಕುಳಿತು ನೋಡಿದರೆ ನಮ್ಮ ಯಜಮಾನರೂ ಕುಳಿತರು, ಅವರು ಪಿಸುಗುಟ್ಟಿದರೆ ಇವರೂ ಪಿಸುಗುಟ್ಟಿದರು. ಒಬ್ಬ ಹೆಂಗಸು ಇವರ ತೋಳನ್ನು ನೋಡಿ ಬಾಯಿಗೆ ಕೈ ಅಡ್ಡ ಇಟ್ಟದ್ದು ಕಂಡಿತು. ಅವರೆಲ್ಲ ನಗುವ ಮೊದಲು ನಾನೇ ಹೇಳಿಬಿಟ್ಟೆ:

"ನವಿಲನ್ನು ನೋಡಿ ಕೆಂಬೂತ ಪುಕ್ಕ ತರಿದುಕೊಂಡ ಹಾಗೆ, ನಮ್ಮ ಇವರದ್ದು."

ಎಲ್ಲರೂ ನಕ್ಕರು. ಇವರೂ ನಕ್ಕರು. ಅಲ್ಲಿಗೆ ಮುಗಿಯುತ್ತಿತ್ತೇನೋ. ಸ್ವಲ್ಪ ದೂರ ಹೋಗುವಷ್ಟರಲ್ಲಿ ದಾರಿ ತೋರಿಸುತ್ತಿದ್ದ ಮರಾಠಿಯವನು ಪೊದೆಯತ್ತ ಕೈ ಮಾಡಿ, ಭಾರದ್ವಾಜ, ಕಂಡರೆ ಶುಭ ಎಂದ. ಕೆಂಪು ರೆಕ್ಕೆ, ಕಪ್ಪು ಮೈ. ನಮ್ಮ ಕೆಂಬೂತವೇ. ಆ ಹೆಂಗಸು ಮೆಲ್ಲಗೆ, "ಸರ್, ನಿಮ್ಮವರು ಬಂದ್ರು ನೋಡಿ" ಅಂದಳು. ಮತ್ತೆ ನಗು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಇವರು ಟೋಪಿ ತೆಗೆದು ಹಕ್ಕಿಗೆ ಕೈಮುಗಿದರು. ಆಮೇಲೆ ಮಂಡಿ ನೋಯುತ್ತದೆ, ಗೇಟಿನ ಹತ್ತಿರ ಕೂತಿರುತ್ತೇನೆ, ನೀನು ಹೋಗಿ ಬಾ ಎಂದರು. ಅವರ ಮಂಡಿ ಯಾವತ್ತೂ ನೋಯುತ್ತಿರಲಿಲ್ಲ. ನನಗದು ಗೊತ್ತಿತ್ತು. ಗೊತ್ತಿದ್ದೂ ಹೋದೆ.

ಮೇಲೆ ತೊರೆಯ ಬದಿಯಲ್ಲಿ ಎರಡು ಜಿಂಕೆ ನಿಂತಿದ್ದವು. ಒಂದು ತಲೆ ಎತ್ತಿ ನಮ್ಮನ್ನು ತುಂಬ ಹೊತ್ತು ನೋಡಿತು. ವಾಪಸು ಬಂದಾಗ ಇವರು ಕಲ್ಲಿನ ಮೇಲೆ ಕೂತಿದ್ದರು, ಆ ಅಂಗಿಯನ್ನು ಮಡಚಿ ಚೀಲದಲ್ಲಿಟ್ಟು.

"ಎಂತ ಕಂಡಿತು?"

"ಎಂತದೂ ಇಲ್ಲ. ಬರೀ ಮರ."

"ಹಾಗಾದ್ರೆ ನಾನು ಬಾರದ್ದೇ ಒಳ್ಳೇದಾಯ್ತು" ಎಂದು ನೀರಿನ ಬಾಟಲಿ ಕೊಟ್ಟರು.

ಮಳೆಗಾಲ ಮುಗಿಯುವ ಮೊದಲೇ, ಕೆಲಸದ ಜಾಗದಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ಇನ್ನೊಂದು ಸಲ ಕರೆದುಕೊಂಡು ಹೋಗಬೇಕು, ಜಿಂಕೆ ಇದ್ದದ್ದು ಹೇಳಬೇಕು ಎಂದು ಅಂದುಕೊಳ್ಳುತ್ತಲೇ ಇದ್ದೆ.

ಹದಿಮೂರನೆಯ ದಿನ ಅವರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಊಟ ಮುಗಿಸಿ ಹೇಳಿಹೋಗಲು ಬಂದರು.

"ಅತ್ತಿಗೆ, ಆ ಕಾಡಿನಲ್ಲಿ ನೀವು ಎಲ್ಲರನ್ನೂ ನಗಿಸಿದ್ದಿರಂತೆ. 'ನನ್ನ ಹೆಂಡತಿ ಅಷ್ಟು ಓದಿದವರ ಎದುರು ಚೂರೂ ಹೆದರಲಿಲ್ಲ' ಅಂತ ಅಣ್ಣ ಎಷ್ಟು ಸಲ ಹೇಳಿದ್ರು. ಎಂತ ಹೇಳಿದ್ದು ಅಂತ ಕೇಳಿದ್ರೆ ಮಾತ್ರ, ಅವಳೇ ಹೇಳಿದ್ರೆ ಚಂದ ಅಂತಿದ್ರು. ಎಂತದು ಅದು?"

ನೆನಪಿಲ್ಲ ಎಂದೆ. ದುಃಖದಲ್ಲಿ ಮರೆತಿದ್ದೇನೆ ಎಂದುಕೊಂಡು, ಅವರು ಕಣ್ಣೊರೆಸಿಕೊಂಡು ಕೈಮುಗಿದು ಹೋದರು.